ಕಣದಲ್ಲಿ ನೀವು ಓದಿದ ಮುಚ್ಚಳಿಕೆ

ನನ್ನ ಸೀನಿಯರ್ ಸರ್ ಅವರಿಗೆ, ನಿಮ್ಮ ಜೂನಿಯರ್ ವೀಣಾ ಮಾಡುವ ನಮಸ್ಕಾರ.

ಕಳೆದ ಭಾನುವಾರ ಕಲ್ಲುಹೊಳೆ ತಿರುವಿನಲ್ಲಿ ನಿಮ್ಮ ಹೆಸರಿನ ಸಮುದಾಯ ಭವನದ ಉದ್ಘಾಟನೆ ಆಯಿತು. ಬಾಗಿಲ ಪಕ್ಕದಲ್ಲಿ ಕರಿಕಲ್ಲಿನ ಫಲಕ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ನಿಮ್ಮ ಹೆಸರು, ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಕಟ್ಟಿಸಿಕೊಟ್ಟವರ ಹೆಸರು. ಯಾರಿರಬಹುದು ಊಹಿಸಿ ನೋಡೋಣ? ಕಲ್ಲುಹೊಳೆ ಎಸ್ಟೇಟಿನ ಮಾಲೀಕರು, ಉದಯಶಂಕರ್. ಹೌದು, ಅವರೇ. ನಿಮ್ಮ ಫೋಟೋಗೆ ಹಾರ ಹಾಕಿ, ಕ್ಯಾಮೆರಾದವನು ‘ಇನ್ನೊಂದ್ಸಲ ಸಾರ್’ ಅಂದಾಗ ಹಾರ ತೆಗೆದು ಮತ್ತೆ ಹಾಕಿದರು. ಇದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ? ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಬಣ್ಣ ಹಚ್ಚುವ ಕೆಲಸವನ್ನು ಅವರು ಆಗಲೇ ಮುಗಿಸಿದ್ದಾರೆ.

ಲಾಕ್‌ಡೌನ್ ಶುರುವಾದ ವಾರ ನೀವು ಮೂಡಿಗೆರೆಯ ನಮ್ಮ ಆಫೀಸಿನ ಬಾಗಿಲು ಹಾಕಿಸಿ ಕಿಟಕಿ ತೆರೆಸಿದಿರಿ. ಹೊರಗೆ ಓಣಿಯಲ್ಲಿ ಸುಣ್ಣದಿಂದ ವೃತ್ತ ಬರೆಸಿದಿರಿ, ಮೆಟ್ಟಿಲ ಬಳಿ ಬಕೆಟ್ಟು, ಸೋಪು. ಕಕ್ಷಿದಾರರು ವೃತ್ತದಲ್ಲಿ ನಿಂತು ಕೂಗಿ ಹೇಳಬೇಕು, ನೀವು ಕಿಟಕಿಯೊಳಗಿಂದ ಕೂಗಿ ಉತ್ತರ ಕೊಡಬೇಕು. ಗುಟ್ಟಿನ ಮಾತಿದ್ದವರಿಗೆ ಫೋನು. ಹೊರಗಿಂದ ಬಂದ ಕಾಗದವನ್ನೆಲ್ಲ ಗುಮಾಸ್ತ ಶೀನಪ್ಪ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಬಿಸಿಲಿಗೆ ಬಿಡುತ್ತಿದ್ದ. ‘ಸಾರ್, ಕಳಸದವ್ರ ವಕಾಲತ್ತು ಒಣಗಿದೆ, ತೆಗೀಲಾ?’ ಎಂದು ಅವನು ಕೂಗಿದರೆ ಪಕ್ಕದ ಮನೆಯವರು ನಗುತ್ತಿದ್ದರು. ನೀವು ನಗುತ್ತಿರಲಿಲ್ಲ. ‘ಇನ್ನೊಂದು ಗಂಟೆ ಇರ್ಲಿ ಮಾರಾಯ, ಮಗುಚಿ ಹಾಕು’ ಅನ್ನುತ್ತಿದ್ದಿರಿ, ಹಪ್ಪಳದ ವಿಷಯ ಹೇಳುವವರ ಹಾಗೆ.

ಗದ್ದೆ ಕೇಸಿನ ಸಂಸೆ ಊರಿನ ಅಜ್ಜರು ಫೋನ್ ಮಾಡಿದ ಬೆಳಗ್ಗೆ ನೆನಪಿದೆಯಾ? ನೆಟ್‌ವರ್ಕಿಗಾಗಿ ಬಂಡೆ ಹತ್ತಿದ್ದರು, ಏದುಸಿರು ನಮಗೂ ಕೇಳಿಸುತ್ತಿತ್ತು. ‘ಕೇಸಿನ ಡೇಟಿಗೆ ಬರ್ದಿದ್ರೆ ಸೋತೋಗ್ತೀನಲ್ಲ ಸಾರ್, ಯಾರದ್ದಾದ್ರೂ ಜೀಪ್ ಹಿಡ್ದು ಬರ್ತೀನಿ’ ಅಂದರು. ನೀವು, ‘ಬಂದ್ರೇ ಸೋಲೋದು ಮಾರಾಯ್ರೆ. ಗಡುವೆಲ್ಲ ಕೋರ್ಟೇ ಮುಂದಕ್ಕೆ ಹಾಕಿದೆ. ನಿಮ್ಮ ಗದ್ದೆ ಎಲ್ಲಿಗೂ ಹೋಗಲ್ಲ, ನೀವು ಹೋಗ್ಬೇಡಿ’ ಅಂದಿರಿ. ಆ ದಿನಗಳಲ್ಲಿ ನಮ್ಮ ಆಫೀಸಿನ ಮುಖ್ಯ ಕೆಲಸವೇ ಅದಾಗಿತ್ತು: ಕಕ್ಷಿದಾರರಿಗೆ ಬರಬೇಡಿ ಎಂದು ಹೇಳುವುದು, ಬರಲೇಬೇಕಾದವರಿಗೆ ಪಾಸು ಮಾಡಿಸಿಕೊಡುವುದು, ಹೆದರಿದವರ ಮಾತು ಕೇಳುವುದು. ಅಜ್ಜರು ಬದುಕಿದ್ದಾರೆ ಸರ್. ಕೇಸೂ ಬದುಕಿದೆ.

ಎರಡನೆಯ ಅಲೆಯ ಹೊತ್ತಿಗೆ ಉದಯಶಂಕರ್ ಫೋನ್ ಬಂದಾಗ ನಾನು ನಿಮ್ಮ ಎದುರಿಗೇ ಕೂತಿದ್ದೆ. ಅವರ ತಂದೆಯ ಕಾಲದಿಂದ ನೀವು ಆ ಎಸ್ಟೇಟಿನ ವಕೀಲರು. ‘ಎಂತ ಇಲ್ಲ ಸಾರ್, ಬರೀ ಒಂದು ಮುಚ್ಚಳಿಕೆ. ಲೈನಿನವ್ರೆಲ್ಲ ಸಹಿ ಹಾಕ್ಬೇಕು. ನೀವು ಬಂದು ಒಂದ್ಸಲ ಕಣ್ಣಾಡ್ಸಿ, ಕಾನೂನು ಪ್ರಕಾರ ಆಗ್ಬೇಕಲ್ಲ’ ಅಂದರು. ಲೈನು ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆ. ಅಲ್ಲಿ ಯಾರಿಗಾದರೂ ಜ್ವರವಿದೆಯಾ ಎಂದು ನೀವು ಕೇಳಿದಿರಿ. ‘ಸ್ವಲ್ಪ ಶೀತ ಸಾರ್, ಗಾಳಿಮಳೆಗೆ’ ಅಂದರು. ಹೊರಗೆ ಆಗ ಸುಡುಬಿಸಿಲು.

ಎಸ್ಟೇಟಿನ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದನ್ನು ಮೊದಲು ನೋಡಿದ್ದು ನೀವು. ಕಾರು ನಿಲ್ಲಿಸಿ, ‘ಇದು ಒಳಗೆ ಬರೋರಿಗೋ, ಹೊರಗೆ ಹೋಗೋರಿಗೋ?’ ಎಂದು ಗೇಟಿನವನನ್ನು ಕೇಳಿದಿರಿ. ಅವನು ನಮ್ಮ ಕಾರನ್ನಷ್ಟೇ ಒಳಗೆ ಬಿಟ್ಟು ಮತ್ತೆ ಬೀಗ ಹಾಕಿದ. ಮಾಲೀಕರ ಲೆಕ್ಕ ಇಷ್ಟೇ: ಲೈನಿಗೆ ರೋಗ ಬಂದರೂ ಕೆಲಸ ನಿಲ್ಲಬಾರದು, ಸುದ್ದಿ ಹೊರಗೆ ಹೋಗಬಾರದು, ಆರೋಗ್ಯ ಇಲಾಖೆಯವರು ಬಂದು ತೋಟಕ್ಕೆ ಸೀಲ್‌ಡೌನ್ ಪಟ್ಟಿ ಕಟ್ಟಬಾರದು. ಅದಕ್ಕೆ ಬೀಗ. ಬೀಗ ಹಾಕಿದ್ದಕ್ಕೆ ನಾಳೆ ಯಾರೂ ಕೇಳದಿರಲಿ ಎಂದು ಮುಚ್ಚಳಿಕೆ. ಬಂಗಲೆಯ ಜಗಲಿಯಲ್ಲಿ ಉದಯಶಂಕರ್ ಅದನ್ನು ನಿಮ್ಮ ಕೈಗೆ ಕೊಟ್ಟರು. ನೀವು ಓದಿ, ಮಡಚಿ, ‘ಎಲ್ಲರನ್ನೂ ಕಣಕ್ಕೆ ಕರೀರಿ’ ಅಂದಿರಿ. ‘ಅವ್ರನ್ನ ಎಂತಕ್ಕೆ ಸಾರ್? ಲೆಕ್ಕ ಬರ್ಯೋ ರೈಟರ್ ಹೋಗಿ ಮನೆಮನೇಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ತಾನೆ’ ಅಂದರು ಅವರು.

ಆ ದಿನದ ಕಣ ಈಗಲೂ ನನ್ನ ಕಣ್ಣ ಮುಂದಿದೆ. ಕಾಫಿ ಒಣಗಿಸುವ ಅಷ್ಟು ದೊಡ್ಡ ಸಿಮೆಂಟಿನ ಅಂಗಳದಲ್ಲಿ ನೀವು ಎಲ್ಲರನ್ನೂ ದೂರ ದೂರ ನಿಲ್ಲಿಸಿದಿರಿ. ಕೆಲವರು ನಿಲ್ಲಲಾರದೆ ಕೂತರು. ಕೆಮ್ಮು ಒಂದು ಮೂಲೆಯಲ್ಲಿ ನಿಂತರೆ ಇನ್ನೊಂದು ಮೂಲೆಯಲ್ಲಿ ಏಳುತ್ತಿತ್ತು. ಸಹಿ ಹಾಕುವವರಿಗೆ ಪತ್ರವನ್ನು ಓದಿ ಹೇಳಬೇಕು, ಅವರ ಬಾಯಿಂದ ಅರ್ಥ ಕೇಳಬೇಕು, ಆಮೇಲೆಯೇ ಪೆನ್ನು ಕೊಡಬೇಕು. ‘ಓದಿ ಕೇಳಿ ಒಪ್ಪಿ’ ಎಂದು ಎಲ್ಲ ವಕೀಲರೂ ಪತ್ರದ ಕೊನೆಗೆ ಬರೆಯುತ್ತಾರೆ. ಅದನ್ನು ನಿಜವಾಗಿ ಮಾಡುತ್ತಿದ್ದವರು ನನಗೆ ತಿಳಿದಂತೆ ನೀವೊಬ್ಬರೇ. ಮಾಸ್ಕಿನ ಒಳಗಿಂದಲೇ ಕೋರ್ಟಿನ ದನಿ ತೆಗೆದು ಓದಿದಿರಿ: ‘ಸ್ವಇಚ್ಛೆಯಿಂದ ತೋಟದಲ್ಲೇ ಉಳಿದಿರುತ್ತೇವೆ, ನಮಗೇನಾದರೂ ಆದಲ್ಲಿ ಮಾಲೀಕರು ಜವಾಬ್ದಾರರಲ್ಲ.’ ಕಾಗದ ಕೆಳಗಿಳಿಸಿ, ‘ಎಂತ ಅರ್ಥ ಆಯ್ತು? ಯಾರಾದ್ರೂ ಹೇಳಿ’ ಅಂದಿರಿ.

ಗುಲಾಬಿ ಮಾತಾಡಿದ್ದು ಆಗಲೇ. ಅವಳ ಗಂಡ ಲಿಂಗಪ್ಪ ಕಣಕ್ಕೂ ಬರಲಾರದೆ ಲೈನಿನಲ್ಲಿ ಮಲಗಿದ್ದ. ‘ನಾವು ಸತ್ರೆ ನಮ್ಮಿಷ್ಟದಿಂದಲೇ ಸತ್ತಿದ್ದು ಅಂತ ಬರ್ದಿದೆ’ ಅಂದಳು. ಯಾರೋ ಹೆದರಿ ಅವಳ ಸೆರಗು ಎಳೆದರು. ನೀವು ಉದಯಶಂಕರ್ ಕಡೆ ತಿರುಗಿ, ‘ಸರಿಯಾಗಿ ಹೇಳಿದ್ರು. ನಾನು ಇಷ್ಟು ಚೆನ್ನಾಗಿ ಬರೀತಿರ್ಲಿಲ್ಲ’ ಅಂದಿರಿ.

‘ನೀವು ನನ್ನ ಲಾಯರ್ರಾ, ಅವ್ರ ಲಾಯರ್ರಾ ಸಾರ್?’ ಎಂದು ಅವರು ಹಲ್ಲು ಕಚ್ಚಿ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ನಿಮ್ಮ ಲಾಯರ್ರೇ. ಅದಕ್ಕೇ ಹೇಳ್ತಿರೋದು, ಬೀಗ ತೆಗೀರಿ. ಇವತ್ತು ಇದು ಬರೀ ಬೀಗ. ನಾಳೆ ಒಳಗೊಂದು ಹೆಣ ಬಿದ್ರೆ ನಾನಲ್ಲ, ಯಾರೂ ನಿಮ್ಮನ್ನ ಉಳಿಸಕ್ಕಾಗಲ್ಲ’ ಅಂದಿರಿ. ಕಣದಲ್ಲೇ ನಿಂತು ಆರೋಗ್ಯ ಇಲಾಖೆಗೆ ಫೋನ್ ಮಾಡಿದಿರಿ. ಮುಚ್ಚಳಿಕೆಗೆ ಯಾರ ಸಹಿಯೂ ಬೀಳಲಿಲ್ಲ, ಬೀಗ ತೆಗೆದರು. ಆಂಬುಲೆನ್ಸ್ ಎಲ್ಲೋ ಬೇರೆ ಕಡೆ ಹೋಗಿತ್ತು. ನನ್ನನ್ನು ಎಸ್ಟೇಟಿನ ಜೀಪಿಗೆ ಹತ್ತಿಸಿ, ಲಿಂಗಪ್ಪನನ್ನು ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗಾಜು ಇಳಿಸಿ ಹೊರಟಿರಿ. ನಾನೂ ಬರುತ್ತೇನೆ ಅಂದರೆ, ‘ಇಬ್ರೂ ಬಿದ್ರೆ ಆಫೀಸಿನ ಕಿಟಕಿ ಯಾರು ತೆಗೀತಾರೆ?’ ಅಂದಿರಿ. ಅದು ನೀವು ನನಗೆ ಎದುರೆದುರು ಹೇಳಿದ ಕೊನೆಯ ಮಾತು.

ಲಿಂಗಪ್ಪ ಹೋದ. ಹಿಂದೆಯೇ ನೀವು. ನಿಮಗೆ ರೋಗ ಅಲ್ಲಿಂದಲೇ ಬಂತು ಎಂದು ನಾನು ಹೇಳಲಾರೆ. ಸಾಬೀತು ಮಾಡಲಾಗದ ಮಾತು ಆಡಬೇಡ ಎಂದು ಕಲಿಸಿದವರು ನೀವೇ. ಆದರೆ ಇದನ್ನು ಹೇಳಬಲ್ಲೆ: ನೀವು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಾಗ ಉದಯಶಂಕರ್ ತಮ್ಮ ಫೈಲುಗಳನ್ನು ವಾಪಸ್ ತರಲು ರೈಟರನ್ನು ಜೀಪಿನಲ್ಲಿ ಕಳಿಸಿದರು. ಬೇರೆ ವಕೀಲರನ್ನು ಹಿಡಿದಾಗಿತ್ತು. ನಿಮ್ಮ ಆರೋಗ್ಯ ಹೇಗಿದೆ ಎಂದು ಆ ರೈಟರ್ ಕೇಳಿದ. ಅವನ ಯಜಮಾನರು ಕೇಳಲಿಲ್ಲ. ನಿಮ್ಮ ತಿಥಿಗೂ ಅವರು ಬರಲಿಲ್ಲ. ಇಷ್ಟು ವರ್ಷ ಆ ಮನೆಯಿಂದ ಒಂದು ಮಾತಿಲ್ಲ, ಕತೆಯಿಲ್ಲ. ಮತ್ತೆ ಈಗ...

ಹೋದ ತಿಂಗಳು ಅವರು ನಮ್ಮ ಆಫೀಸಿಗೆ ಬಂದರು, ಕಾಫಿಪುಡಿ, ಕಾಳುಮೆಣಸಿನ ಪೊಟ್ಟಣ ಹಿಡಿದುಕೊಂಡು. ಚುನಾವಣೆ ಹತ್ತಿರ ಬಂದಿದೆ, ಟಿಕೆಟ್ಟಿಗೆ ಓಡಾಡುತ್ತಿದ್ದಾರೆ ಎಂದು ಊರಿಗೆಲ್ಲ ಗೊತ್ತು. ‘ಸಾರ್ ಅಂದ್ರೆ ನಂಗೆ ಸ್ವಂತ ಅಣ್ಣ ಇದ್ದ ಹಾಗೆ ಮೇಡಂ. ಆ ಕಷ್ಟದಲ್ಲಿ ನಾವಿಬ್ರೂ ಸೇರಿ ಲೈನಿನವ್ರನ್ನ ಎಷ್ಟು ಜೋಪಾನ ಮಾಡಿದ್ವಿ! ನೀವೂ ಇದ್ರಲ್ಲ, ನೋಡಿದ್ದೀರಿ’ ಅಂದರು. ಕಣ್ಣು ಮಿಟುಕಿಸಲಿಲ್ಲ ಸರ್. ನನ್ನನ್ನೇ ನೋಡುತ್ತ ಹೇಳಿದರು. ಸುಳ್ಳು ಹೇಳುವವರನ್ನು ಸಾಕ್ಷಿಕಟ್ಟೆಯಲ್ಲಿ ನಾನು ದಿನಾ ನೋಡುತ್ತೇನೆ. ಅವರಿಗೆ ಕೊನೇಪಕ್ಷ ಗಂಟಲು ಒಣಗುತ್ತದೆ, ನೀರು ಕೇಳುತ್ತಾರೆ. ಇವರು ಕಾಫಿ ಕೇಳಿದರು, ಸಕ್ಕರೆ ಕಡಿಮೆ. ಉದ್ಘಾಟನೆಯ ದಿನ ಫಲಕದ ಬರಹವನ್ನು ನಾನೇ ಓದಬೇಕಂತೆ. ನಿಮ್ಮ ಜೂನಿಯರ್ ಓದಿದರೆ ಒಂದು ತೂಕ ಬರುತ್ತದಂತೆ.

ನಿಮ್ಮ ಮನೆಗೆ ಹೋಗಿ ನಿಮ್ಮ ಶ್ರೀಮತಿಯವರ, ನಾನು ಅಮ್ಮ ಎಂದೇ ಕರೆಯುವವರ, ಮುಂದೆ ಉದಯಶಂಕರ್ ಕೊಟ್ಟುಹೋದ ಬರಹದ ಪ್ರತಿ ಇಟ್ಟಾಗ ಅವರು ತೊಗರಿಬೇಳೆ ಆರಿಸುತ್ತಿದ್ದರು. ಕನ್ನಡಕ ಹಾಕಿ ನಿಧಾನವಾಗಿ ಓದಿದರು. ‘ಮಹಾಮಾರಿಯ ಕಾಲದಲ್ಲಿ ಕಾರ್ಮಿಕರು ಸ್ವಇಚ್ಛೆಯಿಂದ ತೋಟದಲ್ಲೇ ಉಳಿದು, ಮಾಲೀಕರ ಹಾಗೂ ದಿವಂಗತ ವಕೀಲರ ಆಶ್ರಯದಲ್ಲಿ ಸುರಕ್ಷಿತರಾಗಿದ್ದರು.’ ಸ್ವಇಚ್ಛೆಯಿಂದ! ಅದೇ ಶಬ್ದ ಸರ್. ಅವತ್ತು ಕಾಗದದ ಮೇಲೆ ನೀವು ಒಪ್ಪದಿದ್ದದ್ದನ್ನು ಈಗ ಕಲ್ಲಿನಲ್ಲಿ ಕೆತ್ತಿಸಿ, ಮೇಲೆ ನಿಮ್ಮ ಹೆಸರನ್ನೇ ಇಟ್ಟಿದ್ದಾರೆ. ಇದಕ್ಕಿಂತ ಹೇಸಿಗೆಯ ಕೆಲಸ ಇನ್ನೇನಿದೆ? ‘ನಾನು ಹೋಗಲ್ಲಮ್ಮ’ ಅಂದೆ. ಅಮ್ಮ ಕನ್ನಡಕ ತೆಗೆದು, ‘ಹೋಗ್ದಿದ್ರೆ ಬೇರೆ ಯಾರೋ ಓದ್ತಾರೆ, ಜನ ಚಪ್ಪಾಳೆ ಹೊಡೀತಾರೆ. ನೀನೇ ಓದು. ಆದ್ರೆ ಅವ್ರು ಓದ್ತಿದ್ದ ಹಾಗೆ ಓದು’ ಅಂದರು.

ಭಾನುವಾರ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ಲಾಂಟರುಗಳು, ಊರ ಹಿರಿಯರು. ಹಿಂದೆ, ಪಿಕಪ್ಪಿನಲ್ಲಿ ತುಂಬಿಕೊಂಡು ಬಂದ ಲೈನಿನವರು. ಸಭೆ ತುಂಬಿಸಲು ಅವರೇ ಬೇಕು ನೋಡಿ. ನಾನು ಮೈಕಿನ ಮುಂದೆ ನಿಂತು ಫಲಕದ ಬರಹವನ್ನು ಪೂರ್ತಿ ಓದಿದೆ, ಒಂದಕ್ಷರ ಬಿಡದೆ. ಮುಂದಿನ ಸಾಲು ಚಪ್ಪಾಳೆಗೆ ಕೈ ಎತ್ತಿತ್ತು. ‘ಒಂದ್ನಿಮಿಷ. ಸರ್ ಯಾವ ಪತ್ರ ಓದಿದ್ರೂ ಆಮೇಲೆ ಒಂದು ಮಾತು ಕೇಳ್ತಿದ್ರು, ಅದನ್ನೂ ಕೇಳ್ಬಿಡ್ತೀನಿ’ ಅಂದೆ. ಹಿಂದಿನ ಸಾಲಿನ ಕಡೆ ನೋಡಿ, ‘ಇದು ನಿಮ್ಮ ವಿಷಯ. ಎಂತ ಅರ್ಥ ಆಯ್ತು? ಯಾರಾದ್ರೂ ಹೇಳಿ’ ಅಂದೆ.

ಗುಲಾಬಿ ಎದ್ದು ನಿಂತಾಗ ಅವಳ ಕೈಯಲ್ಲಿ ಆಗ ತಾನೇ ಕೊಟ್ಟಿದ್ದ ಲಾಡಿನ ಪೊಟ್ಟಣವಿತ್ತು. ‘ಅರ್ಥ ಆಯ್ತಮ್ಮ. ಆದ್ರೆ ಇದು ನಮ್ಮ ಎಸ್ಟೇಟ್ ಅಲ್ಲ. ಬೇರೆ ಯಾವ್ದೋ ಇರ್ಬೇಕು’ ಅಂದಳು. ‘ನಮ್ದ್ರಲ್ಲಿ ಗೇಟಿಗೆ ಬೀಗ ಇತ್ತು’ ಎಂದು ಸೇರಿಸಿ ಕೂತಳು.

ಭೂಮಿ ಬಾಯಿ ಬಿಟ್ಟಿತು ಅಂದುಕೊಳ್ಳಬೇಡಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಉದಯಶಂಕರ್ ತಾವೂ ನಕ್ಕು, ‘ಗುಲಾಬಿಗೆ ವಯಸ್ಸಾಯ್ತು, ಮರೆವು’ ಅಂದರು. ನಿರೂಪಕರು ಮೈಕು ಕಿತ್ತುಕೊಂಡು, ಉಪ್ಪಿಟ್ಟು, ಕೇಸರಿಬಾತು ತಯಾರಿದೆ ಎಂದು ಘೋಷಿಸಿದರು. ಎಲ್ಲರೂ ಎದ್ದರು. ನಿಮ್ಮ ಜೊತೆ ಎಷ್ಟೋ ವರ್ಷ ಕಾಫಿ ಕುಡಿದ ಒಬ್ಬ ಹಿರಿಯ ವಕೀಲರು ತಟ್ಟೆ ಹಿಡಿದು ನನ್ನ ಹತ್ತಿರ ಬಂದು, ‘ಎಂತಕ್ಕೆ ಬೇಕಿತ್ತಮ್ಮ? ಸತ್ತೋರ ಹೆಸ್ರು ಒಳ್ಳೇ ಕೆಲ್ಸಕ್ಕೆ ಬಂತಲ್ಲ, ಸಾಕು’ ಅಂದರು. ಉಪ್ಪಿಟ್ಟಿಗೆ ತುಪ್ಪ ಚೆನ್ನಾಗಿದೆ ಎಂದೂ ಅಂದರು. ಲೈನಿನ ಕೆಲವರು ಮಾತ್ರ ತಟ್ಟೆ ಮುಟ್ಟದೆ ಪಿಕಪ್ಪಿನ ಬಳಿ ಮಳೆಯಲ್ಲಿ ನಿಂತಿದ್ದರು. ಮಾಲೀಕರಿಗಿಂತ ಆ ತಟ್ಟೆ ಹಿಡಿದವರ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು. ಮಾಲೀಕರಿಗೆ ಸುಳ್ಳಿನಿಂದ ಲಾಭವಿದೆ. ಇವರಿಗೆ ಸಿಕ್ಕಿದ್ದು ಉಪ್ಪಿಟ್ಟು.

ನಿನ್ನೆ ಸಂತೆಯ ದಿನ, ಆಫೀಸಿನಲ್ಲಿ ಕೂತಿದ್ದವಳಿಗೆ ಕಿಟಕಿಯ ಹೊರಗಿಂದ ಕೂಗು ಕೇಳಿಸಿತು. ನೋಡಿದರೆ ಗುಲಾಬಿ, ಸುರಿಯುವ ಮಳೆಯಲ್ಲಿ, ಹಿಂದೆ ಸುಣ್ಣದ ವೃತ್ತವಿದ್ದ ಜಾಗದಲ್ಲೇ ನಿಂತಿದ್ದಾಳೆ. ‘ಒಳಗೆ ಬಾರೆ ಮಾರಾಯ್ತಿ, ಆ ಕಾಲ ಹೋಯ್ತು’ ಅಂದೆ. ‘ಮೊದಲ ಲಾಕ್‌ಡೌನಲ್ಲಿ ಪಾಸಿಗೆ ಬಂದಾಗ ನಿಮ್ಮ ಸಾರ್ ಇಲ್ಲೇ ನಿಲ್ಸಿದ್ರಲ್ಲ, ಅದಕ್ಕೆ’ ಅಂದಳು. ಭವನದಲ್ಲಿ ಬಾಯಿ ಬಿಟ್ಟಿದ್ದಕ್ಕೆ ಲೈನಿನ ಮನೆ ಖಾಲಿ ಮಾಡು ಅಂದಿದ್ದಾರಂತೆ. ಲಿಂಗಪ್ಪನ ಜೊತೆ ಬಾಳಿದ ಮನೆ ಅದು, ಅವಳಿನ್ನೂ ಅಲ್ಲೇ ದುಡಿಯುತ್ತಿದ್ದಾಳೆ. ‘ಅವತ್ತು ನಿಜ ಹೇಳ್ದಾಗ ನಿಮ್ಮ ಸಾರ್ ಇದ್ರು. ಈಗ ಯಾರಿದ್ದಾರೆ?’ ಎಂದು ಕೇಳಿದಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರೋ! ನಾನು ವಕಾಲತ್ತಿನ ಕಾಗದ ತೆಗೆದು ಪೂರ್ತಿ ಓದಿ ಹೇಳಿ, ಎಂತ ಅರ್ಥ ಆಯ್ತು ಎಂದು ಕೇಳಿದೆ. ‘ಇನ್ಮೇಲೆ ಅವ್ರು ನನ್ನ ಹತ್ರ ಮಾತಾಡ್ಬೇಕಾದ್ರೆ ನಿಮ್ಮನ್ನ ದಾಟಿ ಬರ್ಬೇಕು ಅಂತ’ ಅಂದಳು. ಪೆನ್ನು ಕೊಟ್ಟೆ.

ಇವತ್ತು ಬೆಳಗ್ಗೆ ಅಮ್ಮ ಬಂದು ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು. ಫಲಕದ ಸುಳ್ಳು ಅಳಿಸಬೇಕು, ಇಲ್ಲವೇ ನಿಮ್ಮ ಹೆಸರು ತೆಗೆಯಬೇಕು ಎಂಬ ನೋಟಿಸು ಅದು. ಎರಡರಲ್ಲಿ ಒಂದು ಆಗುವವರೆಗೆ ನಾನು ಬಿಡುವುದಿಲ್ಲ. ಇದು ನನ್ನ ಮಾತು. ಗುಲಾಬಿಯ ವಕಾಲತ್ತು ಅವಳ ಸೆರಗಿನಿಂದ ತೊಟ್ಟಿಕ್ಕಿದ ನೀರಿಗೆ ತೊಯ್ದಿತ್ತು. ಶೀನಪ್ಪ ಅದನ್ನು ಹಿತ್ತಲ ಸೂರಿನ ಕೆಳಗೆ ಆ ಹಳೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ್ದ. ನಾನು ಇಷ್ಟು ಬರೆಯುವ ಹೊತ್ತಿಗೆ ಅವನ ಕೂಗು ಕೇಳುತ್ತಿದೆ.

‘ಮೇಡಂ, ಕಲ್ಲುಹೊಳೆಯವ್ರ ವಕಾಲತ್ತು ಒಣಗಿದೆ, ತೆಗೀಲಾ?’

ತೆಗಿ ಅಂದಿದ್ದೇನೆ ಸರ್. ಅವಳ ಮನೆ ಬಿಡಿಸದಂತೆ ತಡೆ ಕೇಳಲು ಈಗಲೇ ಕೋರ್ಟಿಗೆ ಹೊರಟೆ. ಈ ಸಲ ಕಲ್ಲುಹೊಳೆಯವರು ಅಂದರೆ ಗುಲಾಬಿ.