ಶೈಲಾ ಹಾಕಿದ ಗಂಟು

ಸೆಪ್ಟೆಂಬರ್ 9, ಮಂಗಳವಾರ

ಮುಧೋಳದಿಂದ ಜಮಖಂಡಿ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಕಾಲೇಜಿನಲ್ಲಿ ನಾನು ಕಲಿಸುವುದು ಫಸ್ಟ್ ಇಯರ್, ಮೆಕ್ಯಾನಿಕ್ಸ್. ಇವತ್ತೂ ಅದೇ ಪಾಠ — ದಾರಕ್ಕೆ ತೂಗುಬಿಟ್ಟ ವಸ್ತುವನ್ನು ಚಿತ್ರದಲ್ಲಿ ಸುತ್ತಲಿನ ಎಲ್ಲದರಿಂದ ಕತ್ತರಿಸಿ ಬೇರೆ ಮಾಡು, ಕತ್ತರಿಸಿದ ಕಡೆ ಬಲದ ಬಾಣ ಹಾಕು. ಇದು ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ಬರೀ ಬಾಯಿಪಾಠ. ಅದಕ್ಕೇ ನಾನು ಮುಂದೆ ಹೋಗುತ್ತಿಲ್ಲ.

ಎಚ್ಓಡಿ ರಘುವೀರ ಸರ್‌ಗೆ ಇದು ಸರಿಬಂದಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ: “ಶುಭದಾ ಮೇಡಂ, ನನ್ನ ಸೆಕ್ಷನ್ನಿನಾಗ ಎರಡನೇ ಯುನಿಟ್ ಮುಗದದ. ನೀವಿನ್ನೂ ದಾರಾ ಹಿಡಕೊಂಡು ಕೂತೀರಿ. ಶುಕ್ರವಾರ ಬಂದು ನೋಡ್ತೀನಿ. ಹಿಂಗ ಇದ್ರ ಫಸ್ಟ್ ಇಯರ್ ಬ್ಯಾರೇದವರಿಗೆ ಕೊಡ್ತೀನಿ.”

ಕೊಡಲಿ ಬಿಡು, ಅಂದುಕೊಂಡೆ. ಸುಳ್ಳು. ಈ ಕ್ಲಾಸೆಂದರೆ ನನಗೆ ಜೀವ.

ಸೆ. 10

ಟೆಸ್ಟ್ ಪೇಪರ್ ತಿದ್ದಿದೆ. ಬನಹಟ್ಟಿಯ ಶೈಲಾ ದಾರ ಕತ್ತರಿಸಿದ ಕಡೆಯೆಲ್ಲ ಬಾಣದ ಬದಲು ಪುಟ್ಟ ಗಂಟು ಬರೆದಿದ್ದಾಳೆ! ಸಿಟ್ಟು ನೆತ್ತಿಗೇರಿತು. ಕರೆಸಿ ಕೇಳಿದೆ.

“ನಮ್ಮ ಮನ್ಯಾಗ ಮಗ್ಗ ಐತ್ರಿ ಮೇಡಂ. ಎಳಿ ಹರದ್ರ ಹಂಗ ಬಿಡೂದಿಲ್ರಿ, ಮೊದಲ ಗಂಟ ಹಾಕಬೇಕು. ಹರದದ್ದನ್ನ ಹಂಗ ಬರಿಯಾಕ ಕೈ ಬರವಲ್ದರಿ.”

“ಗಂಟ ಹಾಕೂಕಿಂತ ಮೊದಲ ಏನ ಮಾಡ್ತಿ?”

“ಎರಡೂ ತುದಿ ಬೆರಳಾಗ ಹಿಡೀತೇನ್ರಿ. ಎಳದಾಡ್ತಾವರಿ ಅವು.”

ಎಳದಾಡ್ತಾವ! ಬಾಣ ಅಂದರೆ ಅದೇ ಅಲ್ಲವೇ... ಇಷ್ಟು ವರ್ಷ ಬೋರ್ಡಿನ ಮೇಲೆ ಗೀಚಿದ್ದೇ ಆಯಿತು, ಯಾರ ಕೈಗೂ ಕೊಟ್ಟಿರಲಿಲ್ಲ.

ಸೆ. 12, ಶುಕ್ರವಾರ, ಮಧ್ಯಾಹ್ನ

ಸರ್ ಹಿಂದಿನ ಬೆಂಚಿನಲ್ಲಿ.

ಕಿಟಕಿಯ ಸರಳಿಗೆ ಸುತಳಿ ಕಟ್ಟಿ ನೀರಿನ ಬಾಟಲಿ ಇಳಿಬಿಟ್ಟೆ. ಶೈಲಾ ಸುತಳಿಯನ್ನು ನಡುವೆ ಮಡಚಿ ಬೆರಳಲ್ಲಿ ಬಿಗಿಹಿಡಿದಳು. ಮಡಿಕೆಯನ್ನು ಕತ್ತರಿಸಿದೆ. ಬಾಟಲಿ ಬೀಳಲಿಲ್ಲ. ಈಗ ಅವಳ ಬೆರಳೇ ಸುತಳಿ.

“ಏನನಸ್ತದ?”

“ಕೆಳಗೂ ಎಳಿತೈತ್ರಿ, ಮ್ಯಾಲೂ ಎಳಿತೈತ್ರಿ... ಎರಡೂ ಸಮಾಸಮರಿ!”

ಬಾಟಲಿ ಇಳಿಸಿ ಬೋರ್ಡಿಗೆ ಹೋದಳು. ನಾನೇನೂ ಹೇಳಿಕೊಡಲಿಲ್ಲ. ಒಂದು ಬಾಣ ಮೇಲಕ್ಕೆ, ಒಂದು ಕೆಳಕ್ಕೆ, ಉದ್ದ ಸರಿಸಮ. ಆಮೇಲೆ ಒಂದೇ ಗದ್ದಲ — ನಮಗೂ ಕೊಡ್ರಿ, ನಮಗೂ ಕೊಡ್ರಿ. ಸಾಲು ಹಚ್ಚಿದರು. ಬೀಳಗಿಯ ದುಂಡೇಶ, ಇದುವರೆಗೆ ಬಾಯಿ ಬಿಟ್ಟವನಲ್ಲ, “ಇದ ಬಲಾ ಏನ್ರಿ!” ಅಂದ.

ಸಾಲಿನ ಕೊನೆಗೆ ರಘುವೀರ ಸರ್! ಸುತಳಿಯ ಎರಡೂ ತುದಿ ಹಿಡಿದು ಕಣ್ಣು ಮುಚ್ಚಿ ನಿಂತರು.

ಅದೇ ದಿನ, ಸಂಜೆ

ಸರ್ ಬಸ್ ಸ್ಟ್ಯಾಂಡಿನ ತನಕ ಬಂದರು.

“ಸೋಮವಾರ ನನ್ನ ಸೆಕ್ಷನ್ನಿಗೂ ನೀವ ಬರ್ರಿ. ಮೊದಲಿಂದ ಸುರು ಮಾಡ್ರಿ.”

“ನಿಮ್ಮದು ಎರಡನೇ ಯುನಿಟ್ ಮುಗದದಲ್ರೀ, ಸರ್?”

“ಮುಗದದ. ಹುಡುಗರಿಗೆ ತಿಳದಿಲ್ಲ.” ಬಸ್ಸುಗಳ ಕಡೆ ಮುಖ ತಿರುಗಿಸಿದರು. “ನಾನೂ ಅವರ ಜೋಡಿ ಕೂಡ್ತೀನಿ.”

ಹೂಂ ಅನ್ನಬೇಕು ಅಂತ ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು: “ಶೈಲಾನ್ನೂ ಕರಕೊಂಡ ಬರ್ತೀನ್ರಿ, ಸರ್. ಕಲಿಸಿದಾಕಿ ಆಕಿ.”