ಅಪ್ಪನ ಹದಿನೆಂಟು ಚೀಲ

ಮನೆಯ ಜಗಲಿ,
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರಬೇಡ, ನಡುನಡುವೆ ಕೂತುಕೋ. ನಿನ್ನ ಕೈಯಡುಗೆ ಉಂಡೂ ಅಲ್ಲಿನವರು ಗಟ್ಟಿಮುಟ್ಟಾಗಿದ್ದಾರೆಂದರೆ ಪುಣ್ಯವಂತರೇ ಸರಿ. ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾರೆ, ಆದರೆ ಒಂಬತ್ತು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಯಾರ್ಯಾರದೋ ಬಾಯಿಂದ ನಿನಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು.

ಕಳೆದ ವರ್ಷ ಬೂಷ್ಟು ಹಿಡಿದ ಮೆಕ್ಕೆಜೋಳ ಶಾಲೆಯ ಅಡುಗೆಗೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದು ನಿನಗೆ ಗೊತ್ತು. ಆಮೇಲೆ ನಮ್ಮ ಸಹಕಾರ ಸಂಘದವರು ತೇವಾಂಶ ಅಳೆಯುವ ಯಂತ್ರ ತರಿಸಿ, ಗೋದಾಮಿನ ಬಾಗಿಲಲ್ಲಿ ನನ್ನನ್ನು ಕೂರಿಸಿದರು. ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ಅಳೆಯುತ್ತೇನೆ. ತೇವ ನೂರಕ್ಕೆ ಹದಿನಾಲ್ಕು ದಾಟಿದರೆ ವಾಪಸ್. ಈ ಸಲ ಕೊಯ್ಲು ಮುಗಿದ ಮರುದಿನವೇ ಮಳೆ ಹಿಡಿಯಿತು. ಒಣಗಿಸಲು ಜಾಗ ಎಲ್ಲಿದೆ? ಎಲ್ಲರೂ ಡಾಂಬರು ರಸ್ತೆಯ ಅಂಚಿನಲ್ಲೇ ಹರಡುತ್ತಾರೆ. ಲಾರಿ ಬಂದರೆ ಬದಿಗೆ ಗುಡಿಸುತ್ತಾರೆ, ಹನಿ ಬಿದ್ದರೆ ಟಾರ್ಪಾಲು ಎಳೆಯುತ್ತಾರೆ. ಅದರಡಿ ಕಾಳು ಬೆವರುತ್ತದೆ. ಹೆಚ್ಚು ಬೆಳೆಯಿರಿ ಎಂದು ಬೀಜ ಗೊಬ್ಬರ ಹಿಡಿದು ಬಂದವರು ಎಷ್ಟೋ ಮಂದಿ. ಬೆಳೆದದ್ದನ್ನು ಉಳಿಸಿಕೊಳ್ಳುವ ದಾರಿ ತೋರಿಸಿದವರು ಒಬ್ಬರೂ ಇಲ್ಲ.

ಅಪ್ಪ ಹದಿನೆಂಟು ಚೀಲ ತಂದರು. ಸಾಲಿನಲ್ಲಿ ಹಿಂದಿದ್ದ ಪಕ್ಕದ ಹೊಲದವರು "ಮಗಳೇ ಕೂತವ್ಳೆ, ನಿಂಗೇನಪ್ಪ ಚಿಂತೆ" ಎಂದು ನಕ್ಕರು. ಯಂತ್ರ ಹತ್ತೊಂಬತ್ತು ತೋರಿಸಿತು. ಮೂರು ಸಲ ಅಳೆದೆ. ನಾಲ್ಕನೇ ಚೀಲದ ನಡುವಿನಿಂದ ಹಸಿರು ಬೂಷ್ಟಿನ ಉಂಡೆಯೇ ಬಂತು. ಅಪ್ಪ ಬಗ್ಗಿ, ನನಗೆ ಮಾತ್ರ ಕೇಳುವಂತೆ, "ಎರಡು ದಿನ ಬಿಸಿಲು ಬಿದ್ರೆ ಸರಿಹೋಗುತ್ತೆ ಕಣಮ್ಮಾ, ಬರ್ಕೋ" ಅಂದರು. ಜನ್ಮದಲ್ಲಿ ಯಾರ ಮುಂದೆಯೂ ದನಿ ತಗ್ಗಿಸದ ಅಪ್ಪ! "ಒಣಗಿದ್ರೂ ವಿಷ ಹೋಗಲ್ಲ ಅಪ್ಪಾ" ಅಂದೆ. ಅವರು ಹಮಾಲರನ್ನು ಹತ್ತಿರ ಸೇರಿಸದೆ, ಹದಿನೆಂಟು ಚೀಲವನ್ನೂ ತಾವೇ ಬೆನ್ನಮೇಲೆ ಹೊತ್ತು ಗಾಡಿಗೆ ಹಾಕಿಕೊಂಡರು. ನಾನು ಎದ್ದುಹೋಗಿ ಕೈಹಚ್ಚದೆ ಪುಸ್ತಕದಲ್ಲಿ 'ವಾಪಸ್' ಎಂದು ಬರೆದೆ. ಹಿಂದಿದ್ದ ನಾಲ್ಕು ಗಾಡಿಗಳು ಅಳೆಸದೆಯೇ ತಿರುಗಿಹೋದವು.

ಅಂದಿನಿಂದ ನಾನು ಊಟಕ್ಕೆ ಕೂತರೆ ಅಪ್ಪ ಎದ್ದು ಹೊರಗೆ ಹೋಗುವರು. "ಇಬ್ಬರ ಪಾಲಿಂದೂ ನಾನೇ ಮಾತಾಡ್ಬೇಕಾ?" ಎಂದು ಅಮ್ಮ ಗದರಿದರೂ ಉಪಯೋಗವಾಗಲಿಲ್ಲ. ಅಷ್ಟರಲ್ಲಿ ಒಬ್ಬ ವ್ಯಾಪಾರಿ ಮನೆಬಾಗಿಲಿಗೇ ಬಂದು, ಒಳ್ಳೆಯ ಕಾಳಿನೊಡನೆ ಬೆರೆಸಿದರೆ ಯಾರಿಗೂ ತಿಳಿಯದು, ಕೊಡಿ ಎಂದನಂತೆ. "ಬೆರೆಸಿದ್ದು ಯಾರ ಮಕ್ಕಳ ಬಾಯಿಗೆ ಹೋಗುತ್ತೆ?" ಎಂದು ಅಪ್ಪ ಕೇಳಿದರಂತೆ. ಅವನನ್ನು ಕಳಿಸಿ, ಅಪ್ಪ ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ದನಕ್ಕೂ ಹಾಕದೆ ಅಷ್ಟನ್ನೂ ಮಣ್ಣು ಮಾಡಿದರು. ಅರ್ಧ ವರ್ಷದ ದುಡಿಮೆ, ಅಣ್ಣಾ. ಹತ್ತನೆಯ ದಿನ ಬೆಳಿಗ್ಗೆ ಗೋದಾಮಿಗೆ ಬಂದು, ನನ್ನ ಮುಖ ನೋಡದೆ, "ಆ ಮಿಷನ್ ಹೆಂಗೆ ನೋಡೋದು, ತೋರ್ಸು" ಅಂದರು. ಮಧ್ಯಾಹ್ನದವರೆಗೂ ಪಕ್ಕದಲ್ಲೇ ಕೂತಿದ್ದರು.

ಅಮ್ಮ ನಿನ್ನನ್ನು ಹರಸಿದ್ದಾಳೆ. ಹೊಟ್ಟೆ ತುಂಬ ಉಣ್ಣಬೇಕಂತೆ. ಈ ಪತ್ರ ಮುಂದಿನ ಬಂದರಿನಲ್ಲಾದರೂ ನಿನ್ನ ಕೈಸೇರಲಿ.

ನಿನ್ನ ತಂಗಿ,
ಗುಬ್ಬಿ

ಇನ್ನೊಂದು ವಿಷಯವಿದೆ; ಮರೆತಿದ್ದೆ ಎಂದರೆ ಸುಳ್ಳಾದೀತು. ಬರೆಯಲು ಧೈರ್ಯ ಬರಲಿಲ್ಲ. ನೀನು ಮನೆ ಕಟ್ಟಲೆಂದು ರಸ್ತೆ ಬದಿಯಲ್ಲಿ ಬಿಟ್ಟಿದ್ದ ಜಾಗವಿದೆಯಲ್ಲ, ಅಲ್ಲಿ ಎಲ್ಲರ ಕಾಳು ಒಣಗಿಸಲು ಕಣ ಮಾಡಿಸಿ ಮೇಲೆ ತಗಡು ಹೊದಿಸಲು ಅಪ್ಪ ಸಂಘಕ್ಕೆ ಮಾತು ಕೊಟ್ಟಿದ್ದಾರೆ. ನಿನ್ನನ್ನು ಕೇಳಲು ಅವರಿಗೆ ಬಾಯಿ ಬರಲಿಲ್ಲ, "ನೀನೇ ಬರಿಯಮ್ಮಾ" ಅಂದರು. ಬೇಡ ಎನ್ನುವ ಹಕ್ಕು ನಿನಗಿದೆ. ಬೇಡ ಅನ್ನಬೇಡ, ಅಣ್ಣಾ.