ಅರ್ಧಕ್ಕೆ ನಿಲ್ಲಿಸಿದ ಅಳು

5 ಜನವರಿ 2025, ಭಾನುವಾರ. ಬೆಳಿಗ್ಗೆ 6.20

ಬಿಪಿ 138/84. ನಾಡಿ 76. ಬರೆದಿಟ್ಟೆ. ಓದುವ ಡಾಕ್ಟರ್ ಯಾರೂ ಇಲ್ಲ. ಮೂವತ್ತಾರು ವರ್ಷ ಬೇರೆಯವರ ಚಾರ್ಟ್ ಬರೆದ ಕೈ. ರಿಟೈರ್ ಆದ ಮೇಲೂ ಸುಮ್ಮನಿರುವುದಿಲ್ಲ.

ಹಾಲು ಬಂತು. ಅರ್ಧ ಲೀಟರ್. ಒಬ್ಬಳಿಗೆ ಹೆಚ್ಚು. ಉಳಿದದ್ದಕ್ಕೆ ಹೆಪ್ಪು ಹಾಕುತ್ತೇನೆ, ನಾಳೆ ಆ ಮೊಸರನ್ನೂ ನಾನೇ ತಿನ್ನಬೇಕು.

ರಶ್ಮಿ ಫೋನ್ ಮಾಡಿದಳು. ತಮ್ಮನ ಮಗಳು, ಕುರುಗೋಡಿನಲ್ಲಿ ಹೈಸ್ಕೂಲ್ ಟೀಚರ್. ಅವ್ವ ತೀರಿಕೊಂಡು ಮೇ ತಿಂಗಳಿಗೆ ಮೂರು ವರ್ಷ. ಅಷ್ಟರೊಳಗೆ ಎಲ್ಲರ ನೆನಪು ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಿ ಬಳಗಕ್ಕೆಲ್ಲ ಹಂಚುತ್ತಾಳಂತೆ.

"ಅತ್ತಿ, ಅಜ್ಜಿದು ನೀವಾ ಬರೀಬೇಕ್ರಿ. ನಿಮಗಿಂತ ಹೆಚ್ಚು ಯಾರಿಗೆ ಗೊತ್ತೈತಿ?"

ಬರೀತೀನಿ ಅಂದೆ. ಅದೇನು ದೊಡ್ಡದು.

12 ಜನವರಿ

ಬರೆದೆ. ಮುಕ್ಕಾಲು ಪುಟ.

ವಯಸ್ಸು ಎಂಬತ್ತೊಂದು. ತೂಕ ನಲವತ್ತಾರು. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷ. ಪೆನ್ಸಿಲಿನ್ ಆಗಿಬರುತ್ತಿರಲಿಲ್ಲ. ಬಲಗಣ್ಣಿನ ಪೊರೆ ತೆಗೆಸಿದ್ದು 2011ರಲ್ಲಿ. ನಿದ್ದೆ ಕಡಿಮೆ. ಊಟ ಪರವಾಗಿಲ್ಲ.

ಓದಿ ನೋಡಿದೆ. ಇದು ನೆನಪಲ್ಲ, ಕೇಸ್ ಶೀಟ್. ಬೆಡ್ ನಂಬರ್ ಒಂದು ಬಾಕಿ.

ಹೆತ್ತ ತಾಯಿ. ಇಷ್ಟೇನಾ ನನಗೆ ಗೊತ್ತಿರುವುದು... ಹದಿನೆಂಟಕ್ಕೇ ನರ್ಸಿಂಗ್ ಟ್ರೇನಿಂಗ್ ಅಂತ ಬಳ್ಳಾರಿಗೆ ಬಂದೆ. ಆಮೇಲೆ ಊರಿಗೆ ಹೋದದ್ದೆಲ್ಲ ಬಿಪಿ ಮೆಷೀನ್ ಚೀಲದಲ್ಲಿ ಹಾಕಿಕೊಂಡೇ.

ಸಣ್ಣವಳಿದ್ದಾಗಿನದು ಒಂದು ನೆನಪಿದೆ. ಅವ್ವ ಕಥೆ ಹೇಳುವಾಗ ನಾವು ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರ ಬಾವಿಗೆ ಇಳಿದಿರಲಿ, ಹುಲಿ ಬಾಗಿಲಿಗೆ ಬಂದಿರಲಿ, ಅಲ್ಲಿಗೇ ಬಿಟ್ಟು ಮಗ್ಗುಲಾಗಿಬಿಡುತ್ತಿದ್ದಳು. ಒಬ್ಬ ರಾಜಕುಮಾರ ಇನ್ನೂ ಬಾವಿಯಲ್ಲೇ ಇದ್ದಾನೆ. ಆವತ್ತು ತಮ್ಮನೂ ನಾನೂ ಒಟ್ಟಿಗೇ ನಿದ್ದೆ ಹೋಗಿದ್ದೆವು.

ಈ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಸದ್ದು ಮಾಡುವವರಿಲ್ಲ. ಅದು ಹೂಂ ಅನ್ನುವುದಿಲ್ಲ.

19 ಜನವರಿ. ಸಂಜೆ

ಕರೂರಿಗೆ ಹೋಗಿಬಂದೆ. ಸಿರುಗುಪ್ಪದಲ್ಲಿ ಬಸ್ ಬದಲಿಸಿ, ಮುಕ್ಕಾಲು ಗಂಟೆ ಕಾದು. ದಾರಿಯುದ್ದಕ್ಕೂ ಭತ್ತದ ನಾಟಿ. ಹೆಂಗಸರ ಬೆನ್ನುಗಳೇ ಕಾಣುತ್ತವೆ, ಮುಖ ಇಲ್ಲ.

ಜಂಬಮ್ಮ ಚಿಗವ್ವನ ಮನೆ. ಅವ್ವನ ಒಡಹುಟ್ಟಿದ ತಂಗಿ. ಇಬ್ಬರೂ ರಾರಾವಿಯಲ್ಲಿ ಹುಟ್ಟಿ ಕರೂರಿನ ಒಂದೇ ಓಣಿಗೆ ಸೊಸೆಯಂದಿರಾಗಿ ಬಂದವರು. ಅವ್ವನ ಎಂಬತ್ತು ವರ್ಷವೂ ಈಕೆಯ ಹತ್ತಿರ ಇದೆ.

"ಚಿಗವ್ವ, ಅವ್ವ ಸತ್ತ ದಿನ ನೀ ಹಾಡಿ ಅತ್ತೆಲ್ಲ, ಅದನ್ನ ಹೇಳು. ಬರ್ಕೊಂತೀನಿ."

ಮೆಂತೆಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಣ ಎಲ್ಲೈತಿ?"

"ಅಂದ್ರ?"

"ಹೆಣ ಇಲ್ಲದ ಮನ್ಯಾಗ ಆ ಹಾಡು ಎತ್ತಬಾರದು. ಎತ್ತಿದ್ರ ಹೆಣ ಬೀಳತೈತಿ. ಇಲ್ಲಿರೋರು ಇಬ್ಬರು. ಯಾರು ಬೀಳೂಣು, ನೀನಾ ಹೇಳು."

"ಹಾಡೋದು ಬ್ಯಾಡ. ಸುಮ್ನ ಮಾತಿನಾಗ ಹೇಳು."

"ಮಾತಿನಾಗ ಬರಂಗಿಲ್ಲ ನಾಗಿ. ಅಳು ಬಂದ್ರ ಅದು ತಾನಾ ಬರತೈತಿ. ಆವತ್ತು ಬರಾಕತ್ತಿತ್ತು..."

ಅಷ್ಟಕ್ಕೇ ಬಿಟ್ಟಳು. ಕಡ್ಡಿ ಒಂದು ಕಡೆ, ಸೊಪ್ಪು ಒಂದು ಕಡೆ. ಸಿಟ್ಟಿಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಆವತ್ತಿನದನ್ನು ಇಲ್ಲಿ ಬರೆಯುತ್ತೇನೆ. ಯಾರೂ ಓದುವುದಿಲ್ಲವಲ್ಲ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹುಟ್ಟಿದ್ದು, ಬೆಳೆದಿದ್ದು, ಉಂಡಿದ್ದು, ನೊಂದಿದ್ದು ಎಲ್ಲ ಅದರಲ್ಲಿ ಬರುತ್ತದೆ. ಒಬ್ಬರ ಪೂರ್ತಿ ಬಾಳು ಒಮ್ಮೆ ಮಾತ್ರ, ಕೂತ ಒಂದೇ ಹೊತ್ತಿನಲ್ಲಿ. ಓಣಿಯೆಲ್ಲ ಕೇಳುತ್ತದೆ. ಅವ್ವನಿಗೆ ಚಿಗವ್ವ ಬೆಳಿಗ್ಗೆಯಿಂದ ಅಳುತ್ತಿದ್ದಳು. ನಾನು ಡ್ಯೂಟಿಯಿಂದ ನೇರ ಹೋದೆ. ಬಾಗಿಲಲ್ಲಿ ನಿಂತೆ. ಒಳಗೆ ಗದ್ದಲ, ಸೆಕೆ, ಹತ್ತಿಪ್ಪತ್ತು ಹೆಂಗಸರು. ವಾರ್ಡಿನಲ್ಲಿ ಸಾವಿರ ಸಲ ಹೇಳಿದ ಮಾತು ತಾನಾಗಿ ಬಾಯಿಗೆ ಬಂತು.

"ಸಾಕು ಮಾಡ್ರಿ. ಎಲ್ರೂ ಹೊರಗ ನಡೀರಿ. ಪೇಷಂಟ್‌ಗೆ ತ್ರಾಸ ಆಗತೈತಿ."

ಪೇಷಂಟ್ ಅಂದೆ. ಸತ್ತು ಐದು ಗಂಟೆಯಾಗಿತ್ತು.

ಎಲ್ಲರೂ ಬಾಯಿ ಮುಚ್ಚಿದರು. ಆಮೇಲೆ ಅವ್ವನ ಬಟ್ಟೆ ಬದಲಿಸಿದೆ, ಫೋನ್ ಮಾಡಿದೆ, ಸರ್ಟಿಫಿಕೇಟ್ ಮಾಡಿಸಿದೆ. ಅಳಲಿಲ್ಲ. ಅಳುವ ಅಭ್ಯಾಸ ಇರಲಿಲ್ಲ.

26 ಜನವರಿ

ಮತ್ತೆ ಕರೂರು. ಚಿಗವ್ವ ಹೇಳದಿದ್ದರೆ ಬೇಡ, ಆವತ್ತು ಕೇಳಿದವರಿದ್ದಾರಲ್ಲ. ಪಕ್ಕದ ಮನೆಯ ಗಾದೆಮ್ಮಜ್ಜಿ. ತೊಂಬತ್ತು ದಾಟಿದೆ. ಹೊರಸಿನ ಮೇಲೆ ಮುದುರಿಕೊಂಡಿರುತ್ತಾಳೆ, ಬಾಯಿ ಮಾತ್ರ ಚುರುಕು. ಸೊಸೆ ಕಾವೇರಿ ಚಹ ಕೊಟ್ಟಳು.

ಅಜ್ಜಿಗೆ ಚಿಗವ್ವ ಹಾಡಿದ್ದು ಒಂದೊಂದೂ ನೆನಪಿದೆ. ಬರೆದುಕೊಂಡೆ. ರಾರಾವಿ ಹೊಳೆಯ ಮರಳಲ್ಲಿ ಸೌತೆಕಾಯಿ ಕಾಯುತ್ತಿದ್ದದ್ದು. ಮದುವೆಯಾಗಿ ಬಂದ ಮೊದಲ ವರ್ಷ ನಾಟಿಯ ಕೆಸರಿನಲ್ಲಿ ಕಾಲುಂಗುರ ಕಳೆದದ್ದು.

"ಅತ್ತಿಗೆ ಹೆದರಿ ಬೆರಳಿಗೆ ಕರೀ ದಾರ ಸುತ್ಕೊಂಡ್ಲು. ಕೇಳಿದ್ರ, ಬೆರಳು ಉಳುಕೈತಿ ಅನ್ನೋಳು. ಆಮ್ಯಾಲೆ ಬೆಳ್ಳಿದು ಬಂದ್ರೂ ದಾರ ಬಿಡಲಿಲ್ಲ. ಅದಾ ನನ್ನ ಕಾಯ್ದೈತಿ ಅನ್ನೋಳು."

ಪೆನ್ನು ನಿಂತಿತು.

ಆ ದಾರ ನಾನು ನೋಡಿದ್ದೇನೆ. ಕಣ್ಣಿನ ಆಪರೇಷನ್ ದಿನ ಕೊಳೆಯಾಗಿದೆ ಅಂತ ಕತ್ತರಿ ತಂದು ಕತ್ತರಿಸಿ ಡಸ್ಟ್‌ಬಿನ್ನಿಗೆ ಹಾಕಿದ್ದೆ. "ಇರ್ಲಿ ಬಿಡೇ" ಅಂದಿದ್ದಳು. ಯಾಕೆ ಅಂತ ಕೇಳಲಿಲ್ಲ.

"ಮುಂದ ಏನು ಹಾಡಿದ್ಲಜ್ಜಿ?"

"ಮುಂದ ಎಲ್ಲೈತಿ? ನಾಟಿ ಹಚ್ಚೂವಾಗ ಬ್ಯಾನಿ ಬಂತು, ಬದುವಿನ ಮ್ಯಾಲೆ ಹಡೆಯಾಕತ್ಲು ಅನ್ನೋದರಾಗ ನೀ ಬಂದಿ. ಕತ್ಯಾಗೂ ಬಂದಿ, ಬಾಗಲಾಗೂ ಬಂದಿ. ಸಾಕು ಮಾಡ್ರಿ ಅಂದಿ."

ಕಾವೇರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಏನೋ.

ಅಂದರೆ ನಾನು ಹುಟ್ಟಿದಲ್ಲಿಂದ ಮುಂದೆ ಅವ್ವ ಇಲ್ಲ. ಚಿಗವ್ವನ ಹೊಟ್ಟೆಯಲ್ಲಿದ್ದಾಳೆ. ಹೊರಗೆ ಬರಬೇಕಾದರೆ...

9 ಫೆಬ್ರವರಿ

ಒಂದು ಕೆಟ್ಟ ಯೋಚನೆ. ಎರಡು ವಾರದಿಂದ ಇದೆ. ಇವತ್ತು ಬರೆದುಬಿಡುತ್ತೇನೆ.

ಯಾರ ಹೆಣದ ಮುಂದೆ ಕೂತರೂ ಹೆಂಗಸರು ಕೊನೆಗೆ ಅಳುವುದು ತಮ್ಮ ತಮ್ಮವರಿಗೇ. ಗಾದೆಮ್ಮಜ್ಜಿ ಸತ್ತರೆ ಚಿಗವ್ವ ಹೋಗಿ ಕೂರುತ್ತಾಳೆ. ಅಜ್ಜಿಯಿಂದ ಶುರುಮಾಡಿ ಅಕ್ಕನಿಗೆ ಬಂದೇ ಬರುತ್ತಾಳೆ. ನಾನು ಪಕ್ಕದಲ್ಲಿದ್ದರೆ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದ್ದರೆ...

ನರ್ಸ್ ಆಗಿದ್ದವಳು ಒಂದು ಮುದುಕಿ ಯಾವಾಗ ಸಾಯುತ್ತಾಳೆ ಅಂತ ಲೆಕ್ಕ ಹಾಕುತ್ತಿದ್ದೇನೆ.

2 ಮಾರ್ಚ್

ಅಜ್ಜಿಗೆ ಕಾಲು ಬಾವು ಅಂತ ಕಾವೇರಿ ಫೋನ್. ಹೋದೆ. ಬಿಪಿ 190/100. ನೋಡಿ ಸುಮ್ಮನಿರಲು ಕೈ ಕೇಳಬೇಕಲ್ಲ. ಸಿರುಗುಪ್ಪದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ, ಗುಳಿಗೆ ಬರೆಸಿದೆ, ಉಪ್ಪು ಬಿಡಿಸಿದೆ.

16 ಮಾರ್ಚ್

ಅಜ್ಜಿ ಎದ್ದು ಕೂತಿದ್ದಾಳೆ. 140/80. ರೊಟ್ಟಿ ಒಂದೂವರೆ. ಸೊಸೆಯನ್ನು ಬೈಯುವಷ್ಟು ಉಸಿರೂ ಬಂದಿದೆ.

"ಬಾ ಸಿಸ್ಟರಮ್ಮ. ಸತ್ಲೇನಂತ ನೋಡಾಕ ಬಂದೀಯೇನು?"

"ಹಂಗ್ಯಾಕ ಅಂತೀ ಅಜ್ಜಿ."

"ನನಗ ಗೊತ್ತೈತಿ ಬಿಡು. ನೀ ಕೇಳಿದ್ದನ್ನ ಜಂಬಿ ಹೇಳ್ಯಾಳ. ಹೆಣ ಬೇಕು ನಿನಗ." ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಒಂದು ಕಡೆ ಹೆಣ ಬೇಕಂತಿ, ಒಂದು ಕಡೆ ಗುಳಿಗಿ ಕೊಡ್ತಿ. ಯಾವುದಾರ ಒಂದು ಮಾಡು."

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬಿಪಿ ಮೆಷೀನಿನ ಪಟ್ಟಿ ಸುತ್ತುತ್ತಾ ಕೂತೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು, ನಾಡಿ ನೋಡುವವರ ಹಾಗೆ.

"ನಾ ಹೋದಾಗ ಬಾ. ಮುಂದ ಕುಂಡ್ರು. ಆದ್ರ ಸಾಕು ಮಾಡ್ರಿ ಅನ್ನಬ್ಯಾಡ. ಅಷ್ಟಾ."

30 ಮಾರ್ಚ್, ಯುಗಾದಿ

ಬೇವು-ಬೆಲ್ಲ ಕಲಸಿದೆ. ಒಂದು ಚಮಚ ತಿಂದೆ. ಉಳಿದದ್ದು ಬಟ್ಟಲಲ್ಲಿ. ಸಂಜೆಯವರೆಗೆ ಬಾಗಿಲು ತೆರೆದಿಟ್ಟಿದ್ದೆ.

ರಶ್ಮಿಯ ಮೆಸೇಜ್: ಅತ್ತಿ, ನಿಮ್ಮದೊಂದಾ ಬಾಕಿ.

21 ಏಪ್ರಿಲ್, ಸೋಮವಾರ. ಸಂಜೆ 6.30, ಸಿರುಗುಪ್ಪ ಬಸ್ ಸ್ಟ್ಯಾಂಡ್

ಬೆಳಿಗ್ಗೆ ಏಳಕ್ಕೆ ಕಾವೇರಿ ಫೋನ್. ಗಾದೆಮ್ಮಜ್ಜಿ ನಿದ್ದೆಯಲ್ಲೇ ಹೋದಳು. ಗುಳಿಗೆ ಒಂದೂ ತಪ್ಪಿಸಿರಲಿಲ್ಲವಂತೆ.

ಹತ್ತಕ್ಕೆ ತಲುಪಿದೆ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಚಿಗವ್ವನ ಪಕ್ಕ ಜಾಗ ಮಾಡಿಕೊಂಡು ಕೂತೆ. ಫೋನ್ ಸೆರಗಿನೊಳಗೆ, ರೆಕಾರ್ಡಿಂಗ್ ಒತ್ತಿ.

ಚಿಗವ್ವ ಎತ್ತಿದಳು. ಮೊದಲು ಅಜ್ಜಿಯದು. ಆಮೇಲೆ ನಾನು ಕಾಯುತ್ತಿದ್ದ ಕಡೆಗೇ ಬಂದಳು. "ಗಾದೆವ್ವಾ, ನೀ ಹೋಗೋ ಊರಾಗ ನಮ್ಮಕ್ಕ ಅದಾಳ... ಕಂಡ್ರ ಹೇಳವ್ವಾ... ಇನ್ಯಾವ ಅತ್ತಿ ಬೈತಾಳ, ಬೆರಳಿನ ದಾರ ಬಿಚ್ಚಂತ ಹೇಳವ್ವಾ..."

ಅಷ್ಟು ಸರಿಯಾಗಿ ಕೇಳಿಸಿಕೊಂಡೆ. ಆಮೇಲಿನದು ಗೊತ್ತಿಲ್ಲ. ಯಾರೋ ನೀರು ಕುಡಿಸಿದರು. ಸೀರೆಯ ಎದೆ ಒದ್ದೆಯಾಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಕಾವೇರಿ ಕೈಗೆ ನೀರು ಹಾಕುತ್ತಾ ಹೇಳಿದಳು, "ಸಿಸ್ಟರ್, ನಮ್ಮತ್ತಿಗೆ ಅಂತ ಒಂದು ಹನಿನೂ ಉಳಿಸಲಿಲ್ಲಲ್ರಿ ನೀವು." ಬೈದದ್ದಲ್ಲ. ನನ್ನ ಸೆರಗು ಸರಿಮಾಡಿದಳು.

ಚಿಗವ್ವ ಬಸ್ಸಿನವರೆಗೆ ಬಂದಳು. ಎಂಟು ವರ್ಷದವಳನ್ನು ಕರೆತರುವ ಹಾಗೆ ಕೈ ಹಿಡಿದುಕೊಂಡು.

ರೆಕಾರ್ಡಿಂಗ್ ಇದೆ. ನಲವತ್ತೊಂದು ನಿಮಿಷ. ಅವ್ವನ ಉಳಿದರ್ಧ ಇದರಲ್ಲಿದೆ.

22 ಏಪ್ರಿಲ್

ಗಂಟಲು ಪೂರ್ತಿ ಹೋಗಿದೆ. ಉಪ್ಪುನೀರು ಮುಕ್ಕಳಿಸಿದೆ, ಮೂರು ಸಲ. ಹಾಲಿನವನಿಗೆ ಕೈಸನ್ನೆ ಮಾಡಿದೆ. ಫೋನ್ ಮೇಜಿನ ಮೇಲಿದೆ. ಕೇಳಲಿಲ್ಲ.

4 ಮೇ, ಭಾನುವಾರ. ಬೆಳಿಗ್ಗೆ 9.40

ಇಷ್ಟು ದಿನ ಕೇಳಲು ಧೈರ್ಯ ಬರಲಿಲ್ಲ. ರಶ್ಮಿ ನಿನ್ನೆ ಕೊನೆಯ ಸಲ ಅಂತ ಫೋನ್ ಮಾಡಿದಳು. ಇವತ್ತು ಹಾಳೆ, ಪೆನ್ನು ಇಟ್ಟುಕೊಂಡು ಕೂತೆ. ಬಿಪಿ ನೋಡಿಕೊಳ್ಳಲಿಲ್ಲ.

ಮೊದಲ ಹನ್ನೊಂದು ನಿಮಿಷ ಚಿಗವ್ವ. ದಾರ ಬಿಚ್ಚಂತ ಹೇಳವ್ವಾ... ಅಲ್ಲಿಗೆ ಅವಳ ದನಿ ಮುಗಿಯಿತು. ಇನ್ನೊಬ್ಬ ಹೆಂಗಸು ಶುರುಮಾಡಿದಳು. ಜೋರು ದನಿ, ಒಡಕು. ಯಾರಿವಳು, ನಮ್ಮ ಹಾಡಿನ ನಡುವೆ ಬಂದವಳು ಅಂತ ಸಿಟ್ಟು ಬಂತು. ಫೋನ್ ಕಿವಿಗೆ ಒತ್ತಿಕೊಂಡೆ. ರಾಗ ಥೇಟ್ ಅವ್ವ ಕಥೆ ಹೇಳುವಾಗಿನದು.

ನಾನು.

ಮೂವತ್ತು ನಿಮಿಷ, ಪೂರ್ತಿ ನಾನೇ. ಚಿಗವ್ವ ಒಂದು ಸಾಲೂ ಹಾಡಿಲ್ಲ. ನಾನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಹತ್ತಿರದಿಂದ ಒಂದು ಸಣ್ಣ ದನಿ ಇದೆ. ಮೊದಲು ಕೆಮ್ಮು ಅಂದುಕೊಂಡೆ. ಕೆಮ್ಮಲ್ಲ. ಚಿಗವ್ವ ಹೂಂ ಅನ್ನುತ್ತಿದ್ದಾಳೆ.

ರಶ್ಮಿಗೆ ಇದನ್ನೇ ಕಳಿಸುತ್ತೇನೆ. ತಿದ್ದದೆ, ಇದ್ದ ಹಾಗೆ.

ದಾರ ನಾನಾ ಕತ್ತರಿಸಿದ್ನೆಲ್ಲವ್ವಾ, ಕತ್ತರಿ ತಂದು ಕತ್ತರಿಸಿದ್ನೆಲ್ಲವ್ವಾ — ಹೂಂ — ಸಿರುಗುಪ್ಪದ ಬಸ್ಸಿನಾಗ ನನ್ನ ಟ್ರಂಕು ತೊಡಿ ಮ್ಯಾಲೆ ಇಟ್ಕೊಂಡು ಬಳ್ಳಾರಿತನ ಕುಂತೆಲ್ಲವ್ವಾ, ಕೆಳಗಿಟ್ರ ಮಗಳು ಹೋಗಿಬಿಡ್ತಾಳ ಅಂದೆಲ್ಲವ್ವಾ — ಹೂಂ — ಹಾಸ್ಟೆಲ್ಲಿನ ಗೇಟಿನಾಗ ನಿಂತು ಕತಿ ಮುಗಿಸಿ ಹೋಗ್ತೀನಿ ಅಂದಿ, ಬಾವ್ಯಾಗಿನ ರಾಜಕುಮಾರನ್ನ ಮ್ಯಾಲೆ ತರ್ತೀನಿ ಅಂದಿ, ನಾ ನಾಚ್ಕೊಂಡು ಒಳಗ ಹೋದ್ನೆಲ್ಲವ್ವಾ — ಹೂಂ — ಸಾಕು ಮಾಡ್ರಿ ಅಂದ್ನೆಲ್ಲವ್ವಾ, ನಿನ್ನ ಅರ್ಧಕ್ಕ ನಿಲ್ಲಿಸಿದ್ನೆಲ್ಲವ್ವಾ —

ಇಲ್ಲಿ ಹೂಂ ಇಲ್ಲ. ಹಿಂದಕ್ಕೆ ಒತ್ತಿ ಮತ್ತೆ ಕೇಳಿದೆ. ಇಲ್ಲ. ಚಿಗವ್ವ ಅಳುತ್ತಿದ್ದಾಳೆ, ಅನ್ನಲು ಆಗಿಲ್ಲ ಅವಳಿಗೆ.

ನಾನೇ ಅಂದೆ. ಹೂಂ. ಖಾಲಿ ಮನೆಯಲ್ಲಿ ಎರಡು ಸಲ, ಜೋರಾಗಿಯೇ. ಹೂಂ.

ಫೋನಿನೊಳಗಿನವಳು ಮುಂದುವರಿಸಿದಳು.

ಬದುವಿನ ಮ್ಯಾಲೆ ನನ್ನ ಹಡದೆಲ್ಲವ್ವಾ, ಕೆಸರಗೈಲೇ ಎತ್ಕೊಂಡೆಲ್ಲವ್ವಾ, ನನ್ನ ಮಾರಿ ನೋಡಿ ನೀ ಅಂದ ಮೊದಲನೇ ಮಾತು —